ಮೂವತ್ತು ಹೆಜ್ಜೆ ಹಿಂದಕ್ಕೆ

ಗಂಡ ಹಿರಿಯಣ್ಣ ಕೈ ಹಿಡಿದು ಎಳೆದಷ್ಟೂ ಶಾಂತಮ್ಮ ಎದುರುಮನೆಯ ಜಗಲಿಯ ಕಂಬವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಶಿವಮೊಗ್ಗದಿಂದ ಬಸ್ಸಿನಲ್ಲಿ ಗಂಡನ ಪಕ್ಕ ಒಂದು ಮಾತೂ ಆಡದೆ ಬಂದವಳು, ಭದ್ರಾವತಿಯ ಹಳೇನಗರದಲ್ಲಿ ಇಳಿದು ಓಣಿಯ ತಿರುವಿಗೆ ಬರುವಷ್ಟರಲ್ಲಿ ತಮಟೆಯ ಸದ್ದು ಕೇಳಿ ನಿಂತುಬಿಟ್ಟಿದ್ದಳು. ಅಲ್ಲಿಂದ ತಮ್ಮನ ಮನೆ ಇಪ್ಪತ್ತು ಮಾರು. ಹತ್ತೊಂಬತ್ತನ್ನು ಹೇಗೋ ನಡೆದಳು. ಕೊನೆಯದನ್ನು ನಡೆಯಲಾರದೆ ವೀರಮ್ಮನೆಂಬ ನೆರೆಯವಳ ಜಗಲಿ ಹತ್ತಿ ಕೂತಳು.

"ಇಷ್ಟು ದೂರ ಬಂದವಳಿಗೆ ಅಷ್ಟು ದೂರ ಬರಕ್ಕಾಗಲ್ವೇನೆ?" ಎಂದ ಹಿರಿಯಣ್ಣ, ಯಾರಿಗೂ ಕೇಳಿಸದಂತೆ.

"ನೋಡಕ್ಕೆ ಬಂದಿದೀನಿ. ಇಲ್ಲಿಂದ್ಲೇ ಕಾಣುತ್ತೆ."

ಕಾಣುತ್ತಿದ್ದದ್ದು ಜನರ ಬೆನ್ನುಗಳು ಮಾತ್ರ. ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಅದರ ಕೆಳಗೆ ಬಿದಿರಿನ ಚಟ್ಟ ಕಟ್ಟುತ್ತಿದ್ದರು. ಬಾಗಿಲ ಮೇಲೆ 'ರೇಣುಕಾಂಬ ವಿಡಿಯೋ ಮತ್ತು ತರಬೇತಿ' ಎಂದು ಬರೆದ ತಗಡಿನ ಹಲಗೆಯನ್ನು ಯಾರೋ ಬಿಳಿಯ ಪಂಚೆಯಿಂದ ಮುಚ್ಚಿದ್ದರು. ಆ ಮನೆಯನ್ನು ಶಾಂತಮ್ಮ ಒಂಬತ್ತು ವರ್ಷಗಳಿಂದ ನೋಡಿರಲಿಲ್ಲ. ಹಲಗೆ ಯಾವಾಗ ಹಾಕಿಸಿದನೋ ಗೊತ್ತಿರಲಿಲ್ಲ.

ತಮ್ಮ ಹುಲಿಯಪ್ಪ ಹಿಂದಿನ ದಿನ ಮಧ್ಯಾಹ್ನ ಹುಡುಗರಿಗೆ ಪಾಠ ಹೇಳುತ್ತಿದ್ದಾಗಲೇ ಎದೆ ಹಿಡಿದುಕೊಂಡು ಕುರ್ಚಿಯ ಮೇಲೆ ಕೂತವನು ಮತ್ತೆ ಏಳಲಿಲ್ಲವಂತೆ. ಐವತ್ತೇಳು ವರ್ಷ. ಮಕ್ಕಳಿಲ್ಲ. ಹೆಂಡತಿ ಬಂಗಾರಮ್ಮ ಒಳಗೆ ಗೋಡೆಗೆ ಒರಗಿ ಕೂತಿದ್ದಾಳೆ, ಅತ್ತು ಅತ್ತು ದನಿ ಹೋಗಿದೆ ಎಂದು ವೀರಮ್ಮ ಹೇಳಿದಳು. ಹೇಳಿ, ಕುಡಿಯಲು ನೀರು ಬೇಕೇ ಎಂದು ಕೇಳಿದಳು. ಶಾಂತಮ್ಮ ಬೇಡವೆಂದು ತಲೆಯಾಡಿಸಿದಳು.

ಕಾರ್ಯವನ್ನು ನಡೆಸುತ್ತಿದ್ದವನು ಭೈರಪ್ಪ. ದೊಡ್ಡಪ್ಪನ ಮಗ, ಎಪ್ಪತ್ತು ದಾಟಿದ ಹಿರಿಯ. ಶಾಂತಮ್ಮ ಜಗಲಿಯಲ್ಲಿ ಕೂತಿದ್ದಾಳೆಂದು ತಿಳಿದು ಅವನೇ ರಸ್ತೆ ದಾಟಿ ಬಂದ. ಕೋಪದಿಂದ ಬಂದವನು ಅವಳ ಮುಖ ನೋಡಿ ಮೆತ್ತಗಾದ. ಒಂದೂವರೆಗೆ ರಾಹುಕಾಲ ಹಿಡಿಯುತ್ತದೆ, ಒಂದು ಗಂಟೆಗೆ ಎತ್ತಬೇಕು, ಎತ್ತುವ ಮೊದಲು ಒಡಹುಟ್ಟಿದವಳು ಬಾಯಿಗೆ ಅಕ್ಕಿ ಹಾಕಬೇಕು, ಅವಳಾದ ಮೇಲೆಯೇ ಉಳಿದವರು ಎಂದು, ಅವಳಿಗೆ ಗೊತ್ತಿದ್ದುದನ್ನೇ ಒಂದೊಂದಾಗಿ ಹೇಳಿದ.

"ಒಳಗೆ ಬರಬೇಡ ಶಾಂತ. ಹೊಸ್ತಿಲು ತುಳೀಬೇಡ. ಅವನನ್ನೇ ಅಂಗಳಕ್ಕೆ ತರ್ತೀವಿ. ಬಂದು ಮೂರು ಸಲ ಅಕ್ಕಿ ಹಾಕಿ ಹೋಗು."

"ಆಣೆ ಇಟ್ಟಿರೋದು ಹೊಸ್ತಿಲಿಗೊಂದೇ ಅಲ್ಲ ಭೈರಣ್ಣ. ಅಕ್ಕಿಗೂ ಇಟ್ಟಿದೀನಿ. ಚಂದ್ರಗುತ್ತಿ ಅಮ್ಮನ ಮುಂದೆ, ದೀಪ ಮುಟ್ಟಿ."

ದೇವರ ಮಾತು ಬಂದ ಮೇಲೆ ಭೈರಪ್ಪನೂ ಒತ್ತಾಯ ಬಿಟ್ಟ.

"ಹಾಗಾದ್ರೆ ಅವನು ಹಸಕೊಂಡೇ ಹೋಗಬೇಕು," ಎಂದ. ಬೈಗುಳದಂತೆ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಂತೆ ಹೇಳಿ ರಸ್ತೆ ದಾಟಿ ಹೋದ.

ತಂಗಿ ಅಕ್ಕಂದಿರಿದ್ದೂ ಅವರ ಕೈಯ ಅಕ್ಕಿ ಬೀಳದೆ ಹೋದವರು ದಾರಿಯುದ್ದಕ್ಕೂ ಹಿಂತಿರುಗಿ ನೋಡುತ್ತಾರೆಂದು ಶಾಂತಮ್ಮನ ತಾಯಿ ಹೇಳುತ್ತಿದ್ದಳು. ಶಾಂತಮ್ಮ ಅದನ್ನು ನಂಬಿದ್ದಳು. ಅಮ್ಮನವರ ಮುಂದೆ ಇಟ್ಟ ಆಣೆ ಮುರಿದರೆ ಏನಾಗುತ್ತದೆಂಬುದನ್ನೂ ಅಷ್ಟೇ ನಂಬಿದ್ದಳು.

* * *

ಹುಲಿಯಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ ಮಾಡಿದವನು. ತೊಂಬತ್ತೆರಡರಲ್ಲಿ, ತಾವಾಗಿ ಬಿಟ್ಟುಹೋಗುವವರು ಹಣ ತೆಗೆದುಕೊಂಡು ಹೋಗಬಹುದು ಎಂದು ಕಾರ್ಖಾನೆಯವರು ಹೇಳಿದಾಗ ಬಿಟ್ಟು ಬಂದ. ಬಂದ ಗಂಟಿನಲ್ಲಿ ಹೆಗಲ ಮೇಲಿಡುವ ಹಳೆಯ ವಿಡಿಯೋ ಕ್ಯಾಮೆರಾ ಒಂದನ್ನು ಕೊಂಡ. ಇಷ್ಟು ದಿನ ಮೋಟಾರು ಸುತ್ತಿದ್ದು ಸಾಲದೆ ಇನ್ನು ಮದುವೆಮನೆ ಸುತ್ತುತ್ತಾನೆ ಎಂದು ಜೊತೆಯವರು ನಕ್ಕರು.

ಕಲಿಸುವವರು ಯಾರೂ ಇರಲಿಲ್ಲ. ಶಿವಮೊಗ್ಗದ ವಿಡಿಯೋದವರು ತಮ್ಮ ವಿದ್ಯೆಯನ್ನು ಹೊರಗಿನವನಿಗೆ ಹೇಳಿಕೊಡುತ್ತಿರಲಿಲ್ಲ. ಆದ್ದರಿಂದ ಅವನು ಕರೆಯದ ಮದುವೆಗಳಿಗೂ ಹೋಗಿ ಕ್ಯಾಮೆರಾದವನ ಬೆನ್ನ ಹಿಂದೆ ನಿಲ್ಲುತ್ತಿದ್ದ. ಅವನು ಎಲ್ಲಿ ನಿಲ್ಲುತ್ತಾನೆ, ದೀಪವನ್ನು ಯಾವ ಕಡೆಯಿಂದ ಹಿಡಿಸುತ್ತಾನೆ, ಯಾವಾಗ ಮುಖದ ಹತ್ತಿರ ಹೋಗುತ್ತಾನೆ ಎಂದು ನೋಡಿಕೊಂಡು ಬಂದು ಮನೆಯಲ್ಲಿ ಬರೆದಿಡುತ್ತಿದ್ದ. ಕೈ ನಡುಗಬಾರದೆಂದು ತಗಡಿನ ಡಬ್ಬಕ್ಕೆ ಇಟ್ಟಿಗೆ ತುಂಬಿ ಹೆಗಲ ಮೇಲಿಟ್ಟು, ಅದರ ಮೇಲೆ ನೀರು ತುಂಬಿದ ಲೋಟ ಇಟ್ಟುಕೊಂಡು ಅಂಗಳದಲ್ಲಿ ಸಂಜೆಯೆಲ್ಲಾ ನಡೆಯುತ್ತಿದ್ದ.

ರಜೆಗೆ ಮಾವನ ಮನೆಗೆ ಬರುತ್ತಿದ್ದ ರೇಣುಕ ಬಾಗಿಲಲ್ಲಿ ಕೂತು ಎಷ್ಟು ಹನಿ ಚೆಲ್ಲಿತೆಂದು ಎಣಿಸುತ್ತಿದ್ದಳು. ಅವಳು ಶಾಂತಮ್ಮನ ಒಬ್ಬಳೇ ಮಗಳು. ಮದುವೆಯಾಗಿ ಏಳು ವರ್ಷಕ್ಕೆ, ಚಂದ್ರಗುತ್ತಿಯ ರೇಣುಕಾಂಬೆಗೆ ಹರಕೆ ಹೊತ್ತ ಮೇಲೆ ಹುಟ್ಟಿದವಳು. ಮಕ್ಕಳಿಲ್ಲದ ಹುಲಿಯಪ್ಪ ಬಂಗಾರಮ್ಮರಿಗೆ ಅವಳೇ ಮಗಳು.

"ಕ್ಯಾಮೆರಾ ಅಂದ್ಕೊಂಡಿದೀಯೋ ದೇವರ ಕೊಡ ಅಂದ್ಕೊಂಡಿದೀಯೋ ಮಾವ?" ಎಂದು ಅವಳು ಹಾಸ್ಯ ಮಾಡುತ್ತಿದ್ದಳು.

ತೊಂಬತ್ತನಾಲ್ಕರ ಮೇ ತಿಂಗಳಲ್ಲಿ ಅವಳ ಮದುವೆಯಾಯಿತು. ಗಂಡು ಗಾಜನೂರಿನವನು. ವಿಡಿಯೋ ನಾನೇ ತೆಗೆಯುತ್ತೇನೆಂದು ಹುಲಿಯಪ್ಪ ಕೇಳಿದಾಗ ಶಾಂತಮ್ಮ ಒಪ್ಪಲಿಲ್ಲ. ಹೊಸಬನ ಕೈಗೆ ಒಬ್ಬಳೇ ಮಗಳ ಮದುವೆ ಕೊಡಲು ಅವಳಿಗೆ ಹೆದರಿಕೆ. ಅದೂ ಅಲ್ಲದೆ ಸೋದರಮಾವನಾದವನು ಮದುವಣಗಿತ್ತಿಯನ್ನು ಎತ್ತಿ ಮಂಟಪಕ್ಕೆ ತರಬೇಕು, ಕ್ಯಾಮೆರಾ ಹಿಡಿದು ನಿಂತರೆ ಹೇಗೆ? ಹುಲಿಯಪ್ಪ ಬೇಸರಪಡಲಿಲ್ಲ. ಸೋದರಸೊಸೆಯನ್ನು ಮಂಟಪಕ್ಕೆ ಎತ್ತಿ ತಂದು ಇಳಿಸಿ, ಉಟ್ಟ ಪಂಚೆಯಲ್ಲೇ ಹೋಗಿ ಶಿವಮೊಗ್ಗದಿಂದ ಬಂದ ಕ್ಯಾಮೆರಾದವನ ಬೆನ್ನ ಹಿಂದೆ ನಿಂತ.

ತಿಂಗಳ ಮೇಲೆ ಕ್ಯಾಸೆಟ್ಟು ಬಂತು. ಎಲ್ಲರೂ ಒಮ್ಮೆ ನೋಡಿದರು. ಅದರಲ್ಲಿ ನಡುನಡುವೆ ಛಾವಣಿ, ಫ್ಯಾನು, ಊಟದ ಎಲೆಗಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಇದ್ದವು. ಇದನ್ನು ಕತ್ತರಿಸಿ ಚೆಂದ ಮಾಡಿ, ಮೊದಲಿಗೆ ಹೆಸರು ಹಾಕಿ ಕೊಡುತ್ತೇನೆ ಎಂದು ಹುಲಿಯಪ್ಪ ಕ್ಯಾಸೆಟ್ಟನ್ನು ಭದ್ರಾವತಿಗೆ ಒಯ್ದ. ಆಗಷ್ಟೇ ಅವನು ಎಡಿಟಿಂಗ್ ಕಲಿಯಲು ಹೊರಟಿದ್ದ. ತನ್ನದೊಂದು ವಿಸಿಆರ್, ಎರವಲು ತಂದದ್ದೊಂದು. ಒಂದರಲ್ಲಿ ಅಸಲು ಕ್ಯಾಸೆಟ್ಟು ಓಡಬೇಕು, ಇನ್ನೊಂದರಲ್ಲಿರುವ ಖಾಲಿ ಕ್ಯಾಸೆಟ್ಟಿಗೆ ಬೇಕಾದಷ್ಟೇ ಇಳಿಯಬೇಕು. ಎಲ್ಲಿಂದ ಕತ್ತರಿಸಬೇಕೆಂದು ನೋಡುತ್ತಾ ನೋಡುತ್ತಾ ಎರಡನ್ನೂ ಹಲವು ಸಲ ತೆಗೆದು ಹಾಕಿದ. ಕೊನೆಗೆ ಅಸಲು ಹೋಗಿ ಬರೆಯುವ ಮೆಷಿನ್ನಿನಲ್ಲಿ ಕೂತಿತು. ಖಾಲಿಯದು ಓಡುವ ಮೆಷಿನ್ನಿಗೆ ಹೋಯಿತು. ಎರಡೂ ಗುಂಡಿ ಒತ್ತಿದ.

ಟಿವಿಯಲ್ಲಿ ಬರೀ ಚುಕ್ಕೆಗಳು ಕಂಡವು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದರು. ಆದರೆ ಇವನು ಇಪ್ಪತ್ತೆರಡು ವರ್ಷ ಮೋಟಾರು ಸುತ್ತಿದವನು. ಯಾವ ಯಂತ್ರ ನಿಂತರೂ ಮೊದಲು ವೈರಿನಲ್ಲಿ ದೋಷ ಹುಡುಕುವುದು ಅವನ ಕೈಗೆ ಬಂದ ಅಭ್ಯಾಸ. ಮೇಜಿನ ಕೆಳಗೆ ನುಸುಳಿ, ಒಂದೊಂದು ವೈರನ್ನೂ ಬಿಚ್ಚಿ, ಉಜ್ಜಿ, ಮತ್ತೆ ಸಿಕ್ಕಿಸಿ ನೋಡಿದ. ಅವನು ಕೆಳಗೆ ವೈರು ಉಜ್ಜುತ್ತಿದ್ದ ನಲವತ್ತು ನಿಮಿಷವೂ ಮೇಲೆ ಕ್ಯಾಸೆಟ್ಟು ತಿರುಗುತ್ತಲೇ ಇತ್ತು. ಹೆಣ್ಣನ್ನು ಮಂಟಪಕ್ಕೆ ತಂದಲ್ಲಿಂದ ಹಿಡಿದು ಕಾರು ಹತ್ತಿಸುವವರೆಗಿನದೆಲ್ಲಾ ಅಳಿಸಿಹೋಯಿತು.

ಮಾರನೆಯ ದಿನ ಶಿವಮೊಗ್ಗದ ಕೋಟೆಯಲ್ಲಿದ್ದ ಅಕ್ಕನ ಮನೆಗೆ ಬಂದು, ಕ್ಯಾಸೆಟ್ಟು ಹಿಂದಕ್ಕೆ ಕೊಟ್ಟು, ತಲೆ ತಗ್ಗಿಸಿ ಹೇಳಿದ. ಶ್ರಾವಣಕ್ಕೆ ತವರಿಗೆ ಬಂದಿದ್ದ ರೇಣುಕ ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಹೋಗ್ಲಿ ಬಿಡು ಮಾವ. ನನ್ನ ಮಗಳ ಮದುವೆ ಹೊತ್ತಿಗೆ ಕಲ್ತಿರ್ತೀಯ."

ಶಾಂತಮ್ಮನೂ ನಕ್ಕಿದ್ದಳು. ನಾಲ್ಕು ಮಾತು ಬೈದು, ತಮ್ಮನಿಗೆ ಹೋಳಿಗೆ ಬಡಿಸಿದ್ದಳು. ಆ ದಿನ ತಾನೂ ನಕ್ಕಿದ್ದೆ ಎಂಬುದನ್ನು ಆಮೇಲೆ ಅವಳು ಯಾರಿಗೂ ಹೇಳಲಿಲ್ಲ.

* * *

ಹನ್ನೊಂದು ಗಂಟೆಯ ಹೊತ್ತಿಗೆ ಹುಲಿಯಪ್ಪನ ಹತ್ತಿರ ಕಲಿತವರು ಒಬ್ಬೊಬ್ಬರಾಗಿ ಬರತೊಡಗಿದರು. ಹೊಳೆಹೊನ್ನೂರಿನವರು, ತರೀಕೆರೆಯವರು, ಶಿವಮೊಗ್ಗದವರು. ಮೂವತ್ತು ನಲವತ್ತು ಜನರಾದರು. ಒಳಗೆ ಹೋಗಿ ಕಾಲು ಮುಟ್ಟಿ ಬಂದು, ಏನು ಮಾಡಬೇಕೆಂದು ತಿಳಿಯದೆ ಓಣಿಯಲ್ಲಿ ನಿಂತರು.

ಅವರಲ್ಲಿ ಮೈತ್ರಿ ಎಂಬ ಹುಡುಗಿ ಇದ್ದಳು. ಶಿವಮೊಗ್ಗದ ಆಲ್ಕೊಳದವಳು, ಇಪ್ಪತ್ತಾರು ವರ್ಷ. ಹಿಂದಿನ ದಿನ ಹುಲಿಯಪ್ಪ ಕುರ್ಚಿಯಲ್ಲಿ ಕುಸಿದಾಗ ಪಕ್ಕದಲ್ಲಿ ಇದ್ದವಳು ಅವಳೇ. ಮೇಷ್ಟ್ರ ಕೊನೆಯ ದಿನವನ್ನು ವಿಡಿಯೋ ತೆಗೆಯೋಣ ಎಂದು ಅವಳು ಹೇಳಿದಾಗ ಗಂಡಸರೆಲ್ಲಾ ಒಬ್ಬರ ಮುಖ ಒಬ್ಬರು ನೋಡಿದರು. ಹೆಣ ನೋಡಿದ ಕ್ಯಾಮೆರಾವನ್ನು ಮದುವೆಮನೆಯವರು ಒಳಗೆ ಬಿಡುವುದಿಲ್ಲ. ಗೊತ್ತಾದರೆ ಆ ಕ್ಯಾಮೆರಾಕ್ಕೆ ಮಾತ್ರವಲ್ಲ, ಹಿಡಿದವನಿಗೂ ಕೆಲಸ ಇಲ್ಲ. ಪರಮೇಶ್ ಎಂಬವನು ಬ್ಯಾಗಿನಲ್ಲಿದ್ದ ಹೊಸ ಕ್ಯಾಮೆರಾವನ್ನು ಯಾರಿಗೂ ಗೊತ್ತಾಗದಂತೆ ಬೆನ್ನ ಹಿಂದಕ್ಕೆ ಸರಿಸಿಕೊಂಡ. ಭಾನುವಾರ ಅವನಿಗೆ ಒಂದು ಮದುವೆ ಇತ್ತು.

ಮೈತ್ರಿ ಯಾರನ್ನೂ ಒತ್ತಾಯಿಸಲಿಲ್ಲ. ಒಳಗೆ ಹೋಗಿ ಹುಲಿಯಪ್ಪನ ಹಳೆಯ ಕ್ಯಾಮೆರಾವನ್ನೇ ಹೊತ್ತು ತಂದಳು. ಅದನ್ನು ಈಗ ಯಾವ ಮದುವೆಗೂ ಯಾರೂ ಕರೆಯುತ್ತಿರಲಿಲ್ಲ. ಬ್ಯಾಟರಿ ಸತ್ತು ವರ್ಷಗಳಾಗಿದ್ದವು. ಉದ್ದನೆಯ ವೈರನ್ನು ಮನೆಯ ಪ್ಲಗ್ಗಿಗೆ ಸಿಕ್ಕಿಸಬೇಕಿತ್ತು. ಆ ವೈರು ಗೇಟಿನವರೆಗೆ ಬರುತ್ತಿತ್ತು, ಅದರಾಚೆಗೆ ಇಲ್ಲ.

ಭೈರಪ್ಪ ಅಡ್ಡ ನಿಂತ. ಸತ್ತವರ ಚಿತ್ರ ತೆಗೆಯುವುದು ಯಾವ ಊರಿನ ಪದ್ಧತಿ ಎಂದು ಕೇಳಿದ. ಆಗ ಒಳಗಿನಿಂದ ಬಂಗಾರಮ್ಮ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದು, ಹೋದ ದನಿಯಲ್ಲೇ ಪಿಸುಗುಟ್ಟಿದಳು.

"ತೆಗೀಲಿ ಭಾವ. ಊರವರ ಮದುವೇನೆಲ್ಲಾ ತೆಗೆದ್ರು. ಅವರದು ಅಂತ ಏನೂ ಇಲ್ಲ."

ಹೆಂಗಸಿನ ಮಾತನ್ನು ಆ ದಿನ ಮೀರುವುದು ಸರಿಯಲ್ಲವೆಂದು ಭೈರಪ್ಪ ದಾರಿ ಬಿಟ್ಟ. ಆದರೆ ಮೈತ್ರಿಯನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದ. ಮೇಷ್ಟ್ರ ಅಕ್ಕ ಬಂದಿದ್ದಾಳೆ, ವಿಡಿಯೋದಿಂದಲೇ ಅವರಿಬ್ಬರೂ ಮಾತು ಬಿಟ್ಟದ್ದು, ಆಕೆ ಹತ್ತಿರ ಬಂದರೆ ಕ್ಯಾಮೆರಾ ಇಳಿಸಿಬಿಡು, ಕಂಡರೆ ಆಕೆ ಎದ್ದು ಹೋಗುತ್ತಾಳೆ. ಮೈತ್ರಿ ಆಗಲಿ ಎಂದಳು. ಅಕ್ಕ ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

* * *

ರೇಣುಕ ಹೋದದ್ದು ಮದುವೆಯ ಮರುವರ್ಷ. ಏಳು ತಿಂಗಳ ಬಸುರಿಗೆ ಕಾಮಾಲೆ ಹಿಡಿಯಿತು. ಗಾಜನೂರಿನಿಂದ ಶಿವಮೊಗ್ಗದ ಆಸ್ಪತ್ರೆಗೆ ತಂದರು. ಐದನೆಯ ದಿನ ತಾಯಿಯೂ ಇಲ್ಲ, ಮಗುವೂ ಇಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ನೆಂಟರಲ್ಲಿ ಯಾರೋ ಮದುವೆಯ ಕ್ಯಾಸೆಟ್ಟು ಹಾಕಿ, ಒಂದು ಸಲ ಹುಡುಗಿಯ ಮುಖ ನೋಡೋಣ ಎಂದರು. ಪಕ್ಕದ ಮನೆಯಿಂದ ಟಿವಿ, ವಿಸಿಆರ್ ಬಂತು. ದುಃಖದಲ್ಲಿ ಶಾಂತಮ್ಮನಿಗೆ ಕ್ಯಾಸೆಟ್ಟಿನ ಸಂಗತಿಯೇ ಮರೆತಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ಹುಲಿಯಪ್ಪನಿಗೆ ಮರೆತಿರಲಿಲ್ಲ. ಎದ್ದು ಹೇಳಲು ಅವನಿಂದ ಆಗಲಿಲ್ಲ.

ಬಂಧುಗಳು ಬಂದರು, ವಾಲಗದವರು ಬಂದರು, ಒಲೆಯ ಮೇಲೆ ಹಂಡೆಗಳು ಬಂದವು. ಹೂ ಮುಡಿಸುವ ಹೆಂಗಸರ ನಡುವೆ ಒಂದು ಜಡೆ ಕಂಡಿತು. ಅದು ರೇಣುಕನ ಜಡೆ. ಈಗ ತಿರುಗುತ್ತಾಳೆ ಎಂದು ಎಲ್ಲರೂ ಕಾಯುವಾಗ ಚುಕ್ಕೆಗಳು ಬಂದವು. ಮುಂದೆ ಬರುತ್ತದೆ ಎಂದು ಶಾಂತಮ್ಮ ಯಾರಿಗೂ ಏಳಲು ಬಿಡಲಿಲ್ಲ. ಆ ಚುಕ್ಕೆಗಳನ್ನೇ ನೋಡುತ್ತಾ ನಲವತ್ತು ನಿಮಿಷ ಕೂತಳು. ಫೋಟೋ ಆಲ್ಬಮ್ಮಿನಲ್ಲಿ ಮಗಳ ಮುಖ ಇತ್ತು. ಆದರೆ ಅವಳು ತಲೆ ತಿರುಗಿಸಿ 'ಅಮ್ಮಾ' ಎನ್ನುವ ದನಿ ಇದ್ದದ್ದು ಆ ಕ್ಯಾಸೆಟ್ಟಿನಲ್ಲಿ ಮಾತ್ರ.

ಎದ್ದವಳೇ ದೇವರ ಗೂಡಿಗೆ ಹೋಗಿ ಚಂದ್ರಗುತ್ತಿ ಅಮ್ಮನ ಪಟದ ಮುಂದಿನ ದೀಪ ಮುಟ್ಟಿದಳು. ತಮ್ಮನ ಕಡೆ ತಿರುಗಿ, ನಿನ್ನ ಹೊಸ್ತಿಲು ತುಳಿಯುವುದಿಲ್ಲ, ನಿನ್ನ ಮನೆಯ ನೀರು ಮುಟ್ಟುವುದಿಲ್ಲ, ಕೊನೆಗೆ ನಿನ್ನ ಬಾಯಿಗೆ ಅಕ್ಕಿಯನ್ನೂ ಹಾಕುವುದಿಲ್ಲ ಎಂದಳು. ಹುಲಿಯಪ್ಪ ಕೈ ಮುಗಿದುಕೊಂಡು ಬಾಗಿಲಲ್ಲಿ ನಿಂತು ಪೂರಾ ಕೇಳಿಸಿಕೊಂಡ. ಆಮೇಲೆ ಪ್ರತಿ ಗೌರಿ ಹಬ್ಬಕ್ಕೂ ಅವನಿಂದ ಬಾಗಿನ ಬಂತು. ಪ್ರತಿ ಸಲವೂ ಶಾಂತಮ್ಮ ಅದನ್ನು ತಂದವರ ಕೈಯಲ್ಲೇ ಹಿಂದಕ್ಕೆ ಕಳಿಸಿದಳು.

* * *

ಹನ್ನೆರಡರ ಬಿಸಿಲಿಗೆ ಓಣಿಯಲ್ಲಿ ನೆರಳೆಂದರೆ ವೀರಮ್ಮನ ಜಗಲಿಯದೇ. ಹುಲಿಯಪ್ಪನ ಶಿಷ್ಯರಲ್ಲಿ ನಾಲ್ಕೈದು ಜನ ಅಲ್ಲಿಗೆ ಬಂದು ಕೂತರು. ಕಂಬದ ಮರೆಯಲ್ಲಿದ್ದ ಮುದುಕಿ ಯಾರೆಂದು ಅವರು ಕೇಳಲಿಲ್ಲ. ಹಿರಿಯಣ್ಣ ಆಗ ಅಂಗಳದಲ್ಲಿದ್ದ.

ಮೊದಲು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದವರು ಸ್ವಲ್ಪ ಹೊತ್ತಿಗೆ ಸಡಿಲಾದರು. ಮೇಷ್ಟ್ರು ಹೆಗಲ ಮೇಲೆ ಇಟ್ಟಿಗೆ ಹೊರಿಸಿ ನಡೆಸುತ್ತಿದ್ದದ್ದನ್ನು ನೆನೆದರು. ಒಬ್ಬ ಲೋಟದ ನೀರನ್ನು ಕದ್ದು ಕುಡಿದು, ಒಂದು ಹನಿಯೂ ಚೆಲ್ಲಲಿಲ್ಲ ಎಂದು ತೋರಿಸಿದ್ದನಂತೆ.

"ಇಟ್ಟಿಗೆ ಹೋಗ್ಲಿ ಮಾರಾಯ, ವೈರಿನ ಪಾಠ," ಎಂದ ಪರಮೇಶ್. "ಹದಿನೈದು ದಿನ ನನಗೆ ಕ್ಯಾಮೆರಾ ಮುಟ್ಟಕ್ಕೇ ಬಿಡಲಿಲ್ಲ. ಎರಡು ವಿಸಿಆರ್ ಮುಂದೆ ಕೂರಿಸಿ, ಕಣ್ಣು ಕಟ್ಟಿ, ವೈರಿನ ಮೇಲೆ ಬೆರಳು ಇಡಿಸೋರು. ಕೊಡೋದು ಯಾವುದು, ತಗೊಳೋದು ಯಾವುದು, ಹೇಳು. ತಪ್ಪು ಹೇಳಿದ್ರೆ ಮೊದಲಿಂದ. ಇವರಿಗೆ ತಲೆ ಸರಿ ಇಲ್ಲ ಅಂದ್ಕೊಂಡಿದ್ದೆ."

ಕ್ಯಾಸೆಟ್ಟಿನ ಬೆನ್ನಿಗೆ ಒಂದು ಸಣ್ಣ ಪ್ಲಾಸ್ಟಿಕ್ ಚೂರು ಇರುತ್ತದೆ, ಅದನ್ನು ಮುರಿದರೆ ಆಮೇಲೆ ಯಾವ ಮೆಷಿನ್ನೂ ಆ ಕ್ಯಾಸೆಟ್ಟನ್ನು ಅಳಿಸಲಾರದು. ಯಾರ ಮನೆಯ ಕ್ಯಾಸೆಟ್ಟು ಕೈಗೆ ಬಂದರೂ ನಮಸ್ಕಾರಕ್ಕೂ ಮೊದಲು ಆ ಚೂರು ಮುರಿಯಬೇಕು ಎಂಬುದು ಮೇಷ್ಟ್ರ ಕಟ್ಟಳೆ. ಒಮ್ಮೆ ಅಂಗಡಿಯಿಂದ ತಂದ ಹತ್ತು ಹೊಸ ಖಾಲಿ ಕ್ಯಾಸೆಟ್ಟುಗಳದ್ದನ್ನೂ ಭಯಕ್ಕೆ ಮುರಿದು ಹಾಕಿದ್ದರು ಎಂದು ಇನ್ನೊಬ್ಬ ಹೇಳಿದ. ಎಲ್ಲರೂ ನಕ್ಕರು. ನಕ್ಕು, ಎದುರಿನ ಶಾಮಿಯಾನ ನೋಡಿ ತಲೆ ತಗ್ಗಿಸಿದರು.

ಶಾಂತಮ್ಮ ನಗಲಿಲ್ಲ. ಕಂಬಕ್ಕೆ ಕೆನ್ನೆ ಇಟ್ಟು ಕೇಳುತ್ತಿದ್ದಳು.

ಕ್ಯಾಮೆರಾವನ್ನು ಗೇಟಿನ ಒಳಗೆ ಇಟ್ಟು ಬಂದ ಮೈತ್ರಿ ಮೆಟ್ಟಿಲ ಮೇಲೆ ಕೂತಿದ್ದಳು.

"ಕಂಪ್ಯೂಟರ್ ಅವರಿಗೆ ಕಲಿಸಿದ್ದು ನಾನು," ಎಂದಳು. "ನೀವೆಲ್ಲಾ ಕಲಿತು ಹೋದ ಮೇಲೆ, ಎರಡು ಸಾವಿರದ ಇಸವಿ. ಐವತ್ಮೂರು ವರ್ಷ ಆಗ. ಮೌಸ್ ಹಿಡಿಯಕ್ಕೆ ಬರ್ತಿರಲಿಲ್ಲ, ಮೇಜಿಂದ ಎತ್ತಿ ಹಿಡಿಯೋರು. ಅವರು ನನಗೆ ಕತ್ತರಿಸೋದು ಹೇಳಿಕೊಡೋರು, ನಾನು ಅವರಿಗೆ ಕಂಪ್ಯೂಟರ್. ಒಂದಿನ ತಪ್ಪು ಜಾಗದಲ್ಲಿ ಕತ್ತರಿಸಿಬಿಟ್ರು. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದುಬಿಟ್ರು. ನಾನಂದೆ, ಹೆದರ್ಕೋಬೇಡಿ ಮೇಷ್ಟ್ರೇ, ಈ ಎರಡು ಗುಂಡಿ ಒತ್ತಿ, ಮಾಡಿದ್ದು ಹಿಂದಕ್ಕೆ ಹೋಗುತ್ತೆ. ಒತ್ತಿದ್ರು. ಕತ್ತರಿಸಿದ್ದು ಬಂದು ಸೇರ್ಕೊಂಡ್ತು."

ಅವಳು ಮೆಟ್ಟಿಲ ಮೇಲಿನ ಧೂಳಿನಲ್ಲಿ ಬೆರಳಾಡಿಸಿದಳು.

"ಎಷ್ಟು ಹಿಂದಕ್ಕೆ ಹೋಗುತ್ತಮ್ಮ, ಅಂದ್ರು. ಮೂವತ್ತು ಹೆಜ್ಜೆ ಅಂದೆ. ಮೂವತ್ತೇನಾ, ಅಂದ್ರು. ಆಮೇಲೆ ಪಾಠ ಮಾಡಲಿಲ್ಲ. ಕತ್ತರಿಸೋದು, ಹಿಂದಕ್ಕೆ ತರೋದು. ಕತ್ತರಿಸೋದು, ಹಿಂದಕ್ಕೆ ತರೋದು. ಸಾಯಂಕಾಲದವರೆಗೂ ಅದನ್ನೇ ಮಾಡಿದ್ರು. ಯಾಕೆ ಮೇಷ್ಟ್ರೇ ಅಂದ್ರೆ, ನಮ್ಮಕ್ಕನ ಹತ್ರ ಮಗಳ ದನಿ ಇಲ್ಲ ಕಣಮ್ಮ, ನನ್ನ ಕೈಯಿಂದ್ಲೇ ಹೋಗಿದ್ದು, ಅಂದ್ರು."

ಎದುರಿನ ಅಂಗಳದಲ್ಲಿ ತಮಟೆ ನಿಂತಿತು. ಹೆಣವನ್ನು ಸ್ನಾನ ಮಾಡಿಸಿ ಹೊರಗೆ ತರುತ್ತಿದ್ದರು. ಮೈತ್ರಿ ಎದ್ದು ಓಡಿದಳು. ಉಳಿದವರೂ ಅವಳ ಹಿಂದೆ ಹೋದರು.

ಶಾಂತಮ್ಮ ಒಬ್ಬಳೇ ಉಳಿದಳು. ಅಂಗಳದಲ್ಲಿ ಗೋವಿಂದನ ಹೆಸರು ಕೇಳಿಸಿತು. ಭೈರಪ್ಪ ಇನ್ನೊಮ್ಮೆ ಕರೆಯಲು ಬರಲಿಲ್ಲ. ಅವಳು ಎಲೆ ಅಡಿಕೆಯ ಚೀಲ ಬಿಚ್ಚಿ ಒಂದು ರೂಪಾಯಿ ತೆಗೆದಳು. ಕಣ್ಣು ಮುಚ್ಚಿ ಅದನ್ನು ಹಣೆಗೆ ಒತ್ತಿಕೊಂಡಳು.

"ತಪ್ಪುಕಾಣಿಕೆ ತಾಯಿ. ಬಂದು ಕೊಡ್ತೀನಿ. ಶಿಕ್ಷೆ ಏನಿದ್ರೂ ನನಗೇ ಕೊಡು," ಎಂದಳು.

ರೂಪಾಯಿಯನ್ನು ಸೆರಗಿನ ತುದಿಗೆ ಇಟ್ಟು ಗಂಟು ಹಾಕಿದಳು. ಕಂಬ ಬಿಟ್ಟು, ಮೆಟ್ಟಿಲಿಳಿದು, ಬಿಸಿಲಿಗೆ ಕಾದ ರಸ್ತೆಯನ್ನು ಬರಿಗಾಲಿನಲ್ಲಿ ದಾಟಿದಳು.

ಗೇಟಿನ ಹತ್ತಿರ ಯಾರೋ "ಅಕ್ಕ ಬಂದ್ರು, ಜಾಗ ಬಿಡಿ" ಎಂದರು. ಜನ ಸರಿದರು. ಚಟ್ಟದ ಮೇಲೆ ಹುಲಿಯಪ್ಪ ಬಿಳಿಯ ಬಟ್ಟೆ ಹೊದ್ದು ಮಲಗಿದ್ದ. ಗಲ್ಲದಿಂದ ತಲೆಗೆ ಪಟ್ಟಿ ಕಟ್ಟಿದ್ದರು. ಒಂಬತ್ತು ವರ್ಷದಲ್ಲಿ ಅವನ ತಲೆ ಪೂರಾ ನೆರೆತಿತ್ತು. ಅವಳಿಗೆ ನೆನಪಿದ್ದದ್ದು ಕಪ್ಪು ಕೂದಲಿನ ತಮ್ಮ. ಬಂಗಾರಮ್ಮ ಅವಳನ್ನು ನೋಡಿ, ದನಿಯಿಲ್ಲದ ಬಾಯಿ ತೆರೆದು, "ಅಕ್ಕ" ಎಂದು ತುಟಿ ಆಡಿಸಿದಳು.

ಭೈರಪ್ಪ ಏನೂ ಹೇಳದೆ ತಟ್ಟೆ ಹಿಡಿದ. ತಟ್ಟೆಯ ತಳದಲ್ಲಿ ಒಂದು ಹಿಡಿ ಅಕ್ಕಿ ಇತ್ತು. ಶಾಂತಮ್ಮ ಚಿಟಿಕೆಯಲ್ಲಿ ತೆಗೆದು ತಮ್ಮನ ಬಾಯಿಗೆ ಹಾಕಿದಳು. ತುಟಿ ಬಿಗಿದಿತ್ತು. ಕಾಳುಗಳು ಒಳಗೆ ಹೋಗದೆ ಗಲ್ಲದ ಮೇಲೆ, ಕುತ್ತಿಗೆಯ ಕುಳಿಯಲ್ಲಿ ಬಿದ್ದವು. ಎರಡನೆಯ ಸಲ ಹಾಕಿದಳು. ಮೂರನೆಯ ಸಲ ಹಾಕಿ, ಕೈ ತೆಗೆಯಲಾರದೆ ಅವನ ಕೆನ್ನೆಯ ಮೇಲೆ ಅಂಗೈ ಇಟ್ಟು ನಿಂತಳು. ಕೆನ್ನೆ ತಣ್ಣಗಿತ್ತು, ಈಗಷ್ಟೇ ಸ್ನಾನ ಮಾಡಿಸಿದ್ದರಿಂದ ಒದ್ದೆಯಾಗಿತ್ತು. ಅವನು ಮಗುವಾಗಿದ್ದಾಗ ಇವಳೇ ಅವನಿಗೆ ನೀರು ಎರೆಯುತ್ತಿದ್ದಳು.

ಅವಳಾದ ಮೇಲೆ ಉಳಿದವರು ಬಂದರು. ಬಂಗಾರಮ್ಮ, ಹಿರಿಯಣ್ಣ, ದಾಯಾದಿಗಳು, ಶಿಷ್ಯರು ಎಲ್ಲರೂ ಹಾಕಿದರು. ಆಗ ಮೈತ್ರಿ ಹೆಗಲ ಮೇಲೆ ಕ್ಯಾಮೆರಾ ಹೊತ್ತು ಅಲುಗಾಡದೆ ನಿಂತಿದ್ದಳು. ತಟ್ಟೆ ಬರಿದಾಯಿತು. ನಾಲ್ವರು 'ಇನ್ನು ಎತ್ತೋಣ' ಎಂದು ಬಗ್ಗಿದರು.

ಶಾಂತಮ್ಮ ಕಣ್ಣೊರೆಸಿಕೊಂಡು ಆ ಹುಡುಗಿಯ ಹತ್ತಿರ ಹೋದಳು.

"ನಾನು ಹಾಕಿದ್ದು ಬಂತೇನಮ್ಮ ಇದರಲ್ಲಿ?"

ಜಗಲಿಯಲ್ಲಿ ಕೂತಿದ್ದ ಮುದುಕಿ ಇವಳೇ ಎಂದು ಮೈತ್ರಿಗೆ ತಿಳಿದದ್ದು 'ಅಕ್ಕ ಬಂದ್ರು' ಎಂಬ ಮಾತು ಕೇಳಿದಾಗ.

"ಇಲ್ಲಮ್ಮ. ನೀವು ಬಂದಾಗ ಇಳಿಸಿಬಿಟ್ಟೆ. ನಿಮಗೆ ಆಗಲ್ಲ ಅಂತ ಹೇಳಿದ್ರು."

ಶಾಂತಮ್ಮ ಬೈಯಲಿಲ್ಲ.

"ಕ್ಯಾಮೆರಾ ಹಚ್ಚು," ಎಂದಳು.

ಹೊತ್ತಾಯಿತು, ರಾಹುಕಾಲ ಬಂತು, ಒಮ್ಮೆ ಹಾಕಿದ ಮೇಲೆ ಮತ್ತೆ ಹಾಕುವ ಪದ್ಧತಿ ಇಲ್ಲ ಎಂದು ಭೈರಪ್ಪ ಹೇಳುತ್ತಲೇ ಇದ್ದ. ತಟ್ಟೆಯಲ್ಲಿ ಅಕ್ಕಿಯೂ ಇಲ್ಲ ಎಂದ. ಅವಳು ಚಟ್ಟದ ಪಕ್ಕ ಮಂಡಿಯೂರಿ ಕೂತಳು. ಹುಲಿಯಪ್ಪನ ಗಲ್ಲದ ಮೇಲೆ, ಕಿವಿಯ ಬದಿಯಲ್ಲಿ, ಕುತ್ತಿಗೆಯ ಕುಳಿಯಲ್ಲಿ ಬಿದ್ದಿದ್ದ ಕಾಳುಗಳನ್ನು ಒಂದೊಂದಾಗಿ ಆರಿಸಿ ಹಿಂದಕ್ಕೆ ತನ್ನ ಎಡ ಅಂಗೈಗೆ ಹಾಕಿಕೊಳ್ಳತೊಡಗಿದಳು. ಎತ್ತಲು ಬಗ್ಗಿದ್ದ ನಾಲ್ವರೂ ಬಗ್ಗಿದಂತೆಯೇ ನಿಂತರು. ಕೊನೆಯ ಕಾಳು ತುಟಿಗೆ ಅಂಟಿಕೊಂಡಿತ್ತು. ಅದನ್ನೂ ಉಗುರಿನಿಂದ ಮೆಲ್ಲಗೆ ಬಿಡಿಸಿಕೊಂಡಳು.

ಕ್ಯಾಮೆರಾದ ಮುಂದಿನ ಕೆಂಪು ದೀಪ ಹೊತ್ತಿಕೊಂಡಿತು. ಶಾಂತಮ್ಮ ತಲೆಯ ಮೇಲಿನ ಸೆರಗನ್ನು ಸರಿಸಿ, ತನ್ನ ನೆರಳು ತಮ್ಮನ ಮುಖದ ಮೇಲೆ ಬೀಳದಂತೆ ಸ್ವಲ್ಪ ಪಕ್ಕಕ್ಕೆ ಜರುಗಿದಳು. ಮೊದಲ ಚಿಟಿಕೆ ತೆಗೆದು, ನಿಧಾನವಾಗಿ ಕೈ ಮುಂದೆ ಮಾಡಿದಳು.